ಗ್ರೆನಡಾದಲ್ಲಿ ಒಂದೇ ದಿನ ಇದ್ದರೆ ಬೀಚ್ ಬಿಡಿ, ಗುಡ್ಡದ ದಾರಿ ಹಿಡಿಯಿರಿ: ಜಾಯಿಕಾಯಿ, ಕೋಕೋ, ಜೀಗುಜ್ಜೆ

ಗುಡ್ಡದಹಾದಿ

ಎಲ್ಲರಿಗೂ ನಮಸ್ಕಾರ. ಇತ್ತೀಚೆಗೆ ಇಲ್ಲಿ ಯಾರೋ ಕೇಳಿದ್ದರು: ಕ್ರೂಸ್ ಹಡಗು ಗ್ರೆನಡಾದಲ್ಲಿ ಬೆಳಿಗ್ಗೆ ನಿಂತು ಸಂಜೆ ಹೊರಡುತ್ತದೆ, ಅಷ್ಟರಲ್ಲಿ ಏನು ನೋಡಬಹುದು ಅಂತ. ಬಂದ ಉತ್ತರಗಳೆಲ್ಲ ಗ್ರ್ಯಾಂಡ್ ಆನ್ಸ್ ಬೀಚ್ ಬಗ್ಗೆಯೇ ಇದ್ದವು. ಬೀಚ್ ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ಬಿಳಿ ಮರಳು ಕೆರಿಬಿಯನ್‌ನಲ್ಲಿ ಎಲ್ಲಿ ಬೇಕಾದರೂ ಸಿಗುತ್ತದೆ. ಧ್ವಜದ ಮೇಲೆ ಜಾಯಿಕಾಯಿ ಇರುವ ದೇಶ ಇದೊಂದೇ.

ನನ್ನ ಗಂಡನ ಕೆಲಸದಿಂದಾಗಿ ನಾವು ರಾಜಧಾನಿ ಸೇಂಟ್ ಜಾರ್ಜಸ್‌ನಲ್ಲಿ ಇದ್ದೇವೆ. ಶಿರಸಿ ಕಡೆಯಿಂದ ಅಪ್ಪ ಅಮ್ಮ ಬಂದಿದ್ದಾಗ ಒಬ್ಬ ಸ್ಥಳೀಯ ಗೈಡ್ ಜೊತೆ ದ್ವೀಪವನ್ನು ಪೂರ್ತಿ ಒಂದು ಸುತ್ತು ಹಾಕಿಸಿದೆ. ಅಪ್ಪನ ಅಡಿಕೆ ತೋಟದಲ್ಲಿ ಜಾಯಿಕಾಯಿ ಮರಗಳಿವೆ. ಹಾಗಾಗಿ ಅವರಿಗೆ ಸಮುದ್ರಕ್ಕಿಂತ ತೋಟದ ಮೇಲೇ ಕಣ್ಣು.

ಮೊದಲು ದಾರಿ ಹೇಳುತ್ತೇನೆ. ಗ್ರೆನಡಾ ದ್ವೀಪದ ಉದ್ದ ಹೆಚ್ಚೆಂದರೆ 34 ಕಿ.ಮೀ. ನಕ್ಷೆ ನೋಡಿ "ಎರಡು ಗಂಟೆ ಸಾಕು" ಅಂದುಕೊಳ್ಳಬೇಡಿ. ಎಲ್ಲಾ ತಿರುವಿನ ದಾರಿ, ಪೂರ್ತಿ ದಿನ ಬೇಕು. ಸೇಂಟ್ ಜಾರ್ಜಸ್‌ನಿಂದ ಬೆಳಿಗ್ಗೆ ಬೇಗ ಹೊರಟು ನೇರವಾಗಿ ಗುಡ್ಡ ಹತ್ತಿ ಗ್ರ್ಯಾಂಡ್ ಎಟಾಂಗ್ ಕೆರೆ. ಅಲ್ಲಿಂದ ಪೂರ್ವಕ್ಕೆ ಇಳಿದರೆ ಗ್ರೆನ್‌ವಿಲ್. ಆಮೇಲೆ ಉತ್ತರದ ಸೇಂಟ್ ಪ್ಯಾಟ್ರಿಕ್ ಭಾಗ, ಕೊನೆಗೆ ಪಶ್ಚಿಮ ಕರಾವಳಿಯ ಗೊಯಾವ್ ಮೂಲಕ ವಾಪಸ್. ಗುಡ್ಡವನ್ನು ಬೆಳಿಗ್ಗೆಯೇ ಮುಗಿಸಿ. ಹೊತ್ತೇರಿದ ಮೇಲೆ ಮೋಡ ಕವಿದರೆ ಕೆರೆ ಕಾಣಿಸುವುದೇ ಇಲ್ಲ.

ಗ್ರ್ಯಾಂಡ್ ಎಟಾಂಗ್ ಸುಮಾರು 530 ಮೀಟರ್ ಎತ್ತರದಲ್ಲಿದೆ. ಹಳೆಯ ಜ್ವಾಲಾಮುಖಿಯ ಬಾಯಲ್ಲಿ ನೀರು ನಿಂತು ಆದ ಕೆರೆ. ಸುತ್ತ ಮಳೆಕಾಡು, ಮರದ ತುಂಬಾ ಪಾಚಿ, ಜರೀಗಿಡ. ಅಲ್ಲಿರುವ ಮೋನಾ ಕೋತಿಗಳು ಮೂಲದಲ್ಲಿ ಪಶ್ಚಿಮ ಆಫ್ರಿಕಾದವು. ಗುಲಾಮರನ್ನು ಸಾಗಿಸುತ್ತಿದ್ದ ಕಾಲದಲ್ಲಿ ಹಡಗಿನಲ್ಲಿ ಬಂದು ಇಲ್ಲೇ ನೆಲೆಯಾದವು.

ಸೇಂಟ್ ಪ್ಯಾಟ್ರಿಕ್‌ನಲ್ಲಿ ಬೆಲ್ಮಾಂಟ್ ಎಸ್ಟೇಟ್ ಇದೆ. 17ನೇ ಶತಮಾನದ ಕೊನೆಯಲ್ಲಿ ಶುರುವಾದ ತೋಟ. ಇಲ್ಲಿ ಕೋಕೋ ಕಾಯಿ ಒಡೆದು ಬೀಜದ ಸುತ್ತ ಇರುವ ಬಿಳಿ ತಿರುಳನ್ನು ಬಾಯಿಗೆ ಹಾಕಿಕೊಳ್ಳಲು ಕೊಡುತ್ತಾರೆ. ಹುಳಿ, ಸಿಹಿ ಎರಡೂ ಇರುತ್ತದೆ. ಚಾಕೊಲೇಟ್ ರುಚಿ ಅದರಲ್ಲಿ ಒಂದು ಚೂರೂ ಇಲ್ಲ. ಆ ಬೀಜ ಹುಳಿಯಬೇಕು, ಒಣಗಬೇಕು, ಹುರಿಯಬೇಕು, ಆಮೇಲೆ ಆ ರುಚಿ. ಒಣಗಿಸುವ ಅಂಗಳದಲ್ಲಿ ಹೆಂಗಸರು ಕಾಲು ಎಳೆಯುತ್ತಾ ಬೀಜದ ನಡುವೆ ನಡೆಯುತ್ತಾರೆ. ನಮ್ಮಲ್ಲಿ ಅಂಗಳದಲ್ಲಿ ಭತ್ತ ಹರಡಿ ಕಾಲಲ್ಲಿ ಸಾಲು ಎಳೆಯುತ್ತೇವಲ್ಲ, ಹಾಗೇ. ಅಮ್ಮ ಚಪ್ಪಲಿ ಬಿಟ್ಟು ಇಳಿದೇಬಿಟ್ಟರು.

ಊಟ ಒಂದು ಮನೆಯ ಹಿತ್ತಲಲ್ಲಿ. ಗೈಡ್ ಮೊದಲೇ ಹೇಳಿ ಇಟ್ಟಿದ್ದರು. ಆಯಿಲ್ ಡೌನ್ ಅಂತ ಅದರ ಹೆಸರು, ಇದು ಇಲ್ಲಿನ ರಾಷ್ಟ್ರೀಯ ಅಡುಗೆ. ಜೀಗುಜ್ಜೆ (ಬ್ರೆಡ್‌ಫ್ರೂಟ್), ಕೆಸುವಿನ ಎಲೆ, ಬಾಳೆಕಾಯಿ, ಅರಿಶಿನ, ತೆಂಗಿನ ಹಾಲು. ಇಷ್ಟು ಕೇಳಿದ ಕೂಡಲೇ ಅಮ್ಮ "ಇದು ನಮ್ಮದೇ ಅಡುಗೆಯಲ್ವಾ" ಅಂದರು. ಸಾಮಾನ್ಯವಾಗಿ ಉಪ್ಪು ಹಾಕಿಟ್ಟ ಮಾಂಸ ಅಥವಾ ಮೀನು ಹಾಕಿ ಮಾಡುತ್ತಾರೆ. ನಮಗೆ ಬೇರೆ ಪಾತ್ರೆಯಲ್ಲಿ ಬರೀ ತರಕಾರಿಯದು ಮಾಡಿಕೊಟ್ಟರು.

ಗೊಯಾವ್‌ನ ಜಾಯಿಕಾಯಿ ಕೇಂದ್ರದ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಏಕೆಂದರೆ ಇಡೀ ದಿನದಲ್ಲಿ ನೋಡಲೇಬೇಕಾದ ಜಾಗ ಅದು. ಇದು ರೈತರ ಸಹಕಾರ ಸಂಘದ್ದು. ಸಂಘ ಶುರುವಾದದ್ದು 1947ರಲ್ಲಿ. ಹಳೆಯ ದೊಡ್ಡ ಕಟ್ಟಡ. ಬಾಗಿಲಲ್ಲೇ ಪರಿಮಳ ಮೂಗಿಗೆ ಬಡಿಯುತ್ತದೆ. ಒಳಗೆ ಮರದ ತಟ್ಟೆಗಳ ಮೇಲೆ ಚಿಪ್ಪು ಸಮೇತ ಜಾಯಿಕಾಯಿ ಹರಡಿರುತ್ತಾರೆ. ಬಿಸಿಲಿಗೆ ಹಾಕುವುದಿಲ್ಲ, ನೆರಳಲ್ಲೇ 6ರಿಂದ 8 ವಾರ. ಒಣಗಿದ ಕಾಯಿ ಅಲ್ಲಾಡಿಸಿದರೆ ಒಳಗಿನ ಬೀಜ ಗಲಗಲ ಅನ್ನುತ್ತದೆ. ಆಮೇಲೆ ಯಂತ್ರದಲ್ಲಿ ಚಿಪ್ಪು ಒಡೆದು ಬೀಜವನ್ನು ನೀರಿಗೆ ಹಾಕುತ್ತಾರೆ. ಮುಳುಗಿದ್ದು ಒಳ್ಳೆಯದು. ತೇಲಿದ್ದು ಎಣ್ಣೆ ತೆಗೆಯಲು ಹೋಗುತ್ತದೆ. ಗಾತ್ರ ನೋಡಿ ಬೇರೆ ಮಾಡುವುದು, ಹುಳುಕು ಆರಿಸುವುದು ಎಲ್ಲಾ ಕೈಯಲ್ಲೇ. ಚೀಲದ ಮೇಲೆ ಅಕ್ಷರ ಕೊರೆದ ಹಲಗೆ ಇಟ್ಟು ಕಪ್ಪು ಮಸಿ ಬಳಿದು, ಯಾವ ದೇಶಕ್ಕೆ ಅಂತ ಅಚ್ಚು ಹಾಕುತ್ತಾರೆ.

ಆರಿಸುತ್ತಾ ಕೂತಿದ್ದ ಹಿರಿಯ ಹೆಂಗಸೊಬ್ಬರ ಪಕ್ಕ ಅಪ್ಪ ಹೋಗಿ ನಿಂತರು. ಅಪ್ಪನಿಗೆ ಇಂಗ್ಲಿಷ್ ಅಷ್ಟಾಗಿ ಬರಲ್ಲ. ರಾಶಿಯಿಂದ ಒಂದು ಬೀಜ ಎತ್ತಿ ಉಗುರಲ್ಲಿ ಗೀರಿ, ಎಣ್ಣೆ ಬಂತಾ ನೋಡಿ ತಲೆಯಾಡಿಸಿದರು. ಆಕೆ ನಕ್ಕು ಇನ್ನೊಂದು ಬೀಜ ಕೊಟ್ಟರು. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತು ಇತ್ತು. ಅಪ್ಪ ಅದನ್ನು ತೆಗೆದು ಹುಳುಕಿನ ಕಡೆ ಹಾಕಿದರು. ಆಮೇಲೆ ಇಬ್ಬರೂ ಸುಮಾರು ಹೊತ್ತು ಮಾತಿಲ್ಲದೆ ಆರಿಸುತ್ತಾ ಕೂತರು. ಗೈಡ್ ಗಡಿಯಾರ ನೋಡುತ್ತಿದ್ದರೂ ಕರೆಯಲಿಲ್ಲ.

ಇಷ್ಟು ಸದ್ಯಕ್ಕೆ. ಪ್ರಶ್ನೆ ಇದ್ದರೆ ಕೇಳಿ.

ಪುತ್ತೂರಿನ_ತೋಟ

ಅಕ್ಕ, ಓದಿ ತುಂಬಾ ಖುಷಿಯಾಯಿತು. ನಮ್ಮಲ್ಲಿ ಅಡಿಕೆ ನಡುವೆ ಕೋಕೋ ಇದೆ. ಹಸಿ ಬೀಜವನ್ನೇ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೋಗೆ ಹಾಕಿ ಬರುತ್ತೇವೆ, ಅಲ್ಲಿಗೆ ನಮ್ಮ ಕೆಲಸ ಮುಗಿಯಿತು. ಹುಳಿ ಬರಿಸುವುದು, ಒಣಗಿಸುವುದು ಎಲ್ಲಾ ಅವರದು. ಅಲ್ಲಿ ತೋಟದಲ್ಲೇ ಮಾಡುತ್ತಾರಾ? ಎಷ್ಟು ದಿನ ಇಡುತ್ತಾರೆ? ಮಳೆ ಬಂದರೆ ಏನು ಮಾಡುತ್ತಾರೆ?

ಗುಡ್ಡದಹಾದಿ

ಬೆಲ್ಮಾಂಟ್‌ನಲ್ಲಿ ತೋಟದಲ್ಲೇ ಮಾಡುತ್ತಾರೆ. ಮರದ ಪೆಟ್ಟಿಗೆಗೆ ಹಸಿ ಬೀಜ ತುಂಬಿ ಮೇಲೆ ಬಾಳೆ ಎಲೆ ಮುಚ್ಚುತ್ತಾರೆ. ಹೆಚ್ಚುಕಮ್ಮಿ ಒಂದು ವಾರ. ನಡುವೆ ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಮಗುಚುತ್ತಾರೆ, ಎಲ್ಲಾ ಕಡೆ ಗಾಳಿ ತಾಗಲಿ ಅಂತ. ಕೈ ಇಟ್ಟು ನೋಡಿದೆ, ಒಳಗೆ ಬಿಸಿ ಬಿಸಿ. ವಾಸನೆ ವಿನೆಗರ್‌ನದು.

ಮಳೆಗೆ ಅವರ ಉಪಾಯ ನನಗೆ ತುಂಬಾ ಹಿಡಿಸಿತು. ಒಣಗಿಸುವ ದೊಡ್ಡ ತಟ್ಟೆಗಳಿಗೆ ಕೆಳಗೆ ಚಕ್ರ, ಹಳಿ ಇದೆ. ಮೋಡ ಕಂಡ ಕೂಡಲೇ ತಟ್ಟೆಗಳನ್ನು ಕಟ್ಟಡದ ಅಡಿಗೆ ತಳ್ಳಿಬಿಡುತ್ತಾರೆ. ಬಿಸಿಲು ಬಂದರೆ ಮತ್ತೆ ಎಳೆಯುತ್ತಾರೆ. ನಮ್ಮ ಮನೆಯಲ್ಲಿ ಟಾರ್ಪಾಲ್ ಹಿಡಿದು ಓಡಾಡುವ ಪಾಡು ಅಪ್ಪನಿಗೆ ನೆನಪಾಗಿರಬೇಕು, ಆ ಹಳಿಯ ಫೋಟೋ ಬೇಕಾದಷ್ಟು ತೆಗೆದರು.

ಇನ್ನೊಂದು ವಿಷಯ. ಅಲ್ಲೇ ಹತ್ತಿರ ಹರ್ಮಿಟೇಜ್‌ನಲ್ಲಿ 1999ರಲ್ಲಿ ಗ್ರೆನಡಾ ಚಾಕೊಲೇಟ್ ಕಂಪನಿ ಶುರುವಾಯಿತು. ಮಾಟ್ ಗ್ರೀನ್ ಮತ್ತು ಇಬ್ಬರು ಗೆಳೆಯರು ಸೇರಿ ಮಾಡಿದ್ದು. ಬೀಜ ಬೆಳೆದ ಊರಿನಲ್ಲೇ ಚಾಕೊಲೇಟ್ ಆಗಬೇಕು, ಲಾಭ ಇಲ್ಲೇ ಉಳಿಯಬೇಕು ಅನ್ನುವುದು ಅವರ ಹಟ. ಸಣ್ಣ ಹಳೆಯ ಯಂತ್ರಗಳನ್ನು ರಿಪೇರಿ ಮಾಡಿಕೊಂಡು, ಸೌರ ವಿದ್ಯುತ್ ಬಳಸಿ ಶುರು ಮಾಡಿದರು. ಮಾಟ್ ಗ್ರೀನ್ 2013ರಲ್ಲಿ ತೀರಿಕೊಂಡರು. ಕೆಲಸ ನಿಲ್ಲಲಿಲ್ಲ. ಈಗ ದ್ವೀಪದಲ್ಲಿ ಬೇರೆ ಸಣ್ಣ ಚಾಕೊಲೇಟ್ ತಯಾರಕರೂ ಇದ್ದಾರೆ.

ಪುತ್ತೂರಿನ_ತೋಟ

ನಮ್ಮಲ್ಲೂ 1986ರಿಂದ ಪುತ್ತೂರಿನಲ್ಲಿ ಕ್ಯಾಂಪ್ಕೋ ಕಾರ್ಖಾನೆ ಇದೆ, ಅದು ದೊಡ್ಡ ಮಟ್ಟದ್ದು. ಅದಿಲ್ಲದಿದ್ದರೆ ನಮ್ಮ ಕಡೆ ಕೋಕೋ ಯಾವತ್ತೋ ಕಡಿದು ಹಾಕುತ್ತಿದ್ದರು. ಆದರೆ ತೋಟಕ್ಕೆ ಜನರನ್ನು ಕರೆದು, ಕಾಯಿ ಒಡೆದು ರುಚಿ ತೋರಿಸಿ, ಊಟ ಹಾಕಿ ಕಳಿಸುವುದು ನಮ್ಮಲ್ಲಿ ಈಗಷ್ಟೇ ಅಲ್ಲೊಂದು ಇಲ್ಲೊಂದು ಶುರುವಾಗಿದೆ. ಮಾಡಿದರೆ ಆಗುತ್ತದೆ. ಹಳಿ ತಟ್ಟೆಯ ಫೋಟೋ ದಯವಿಟ್ಟು ಹಾಕಿ.

ನ್ಯೂಜೆರ್ಸಿ_ಅತ್ತೆ

ಆ ಪ್ರಶ್ನೆ ಕೇಳಿದ್ದು ನಾನೇ! ಥ್ಯಾಂಕ್ಸ್ ಕಣಮ್ಮಾ. ನನ್ನ ಚಿಂತೆ ಬೇರೆ. ಹಿಂದೆ ಬೇರೊಂದು ದ್ವೀಪದಲ್ಲಿ "ಸಂಸ್ಕೃತಿ ಪ್ರವಾಸ" ಅಂತ ದುಡ್ಡು ಕಟ್ಟಿದ್ದೆವು. ಬಸ್ಸಿನಲ್ಲಿ ಕೂರಿಸಿಕೊಂಡು ಒಂದರ ಹಿಂದೆ ಒಂದು ಅಂಗಡಿಗೇ ಕರೆದುಕೊಂಡು ಹೋದರು. ಊಟಕ್ಕೆ ಫ್ರೆಂಚ್ ಫ್ರೈಸ್. ಗೈಡ್ ಒಳ್ಳೆಯವರು ಅಂತ ಮೊದಲೇ ಹೇಗೆ ಗೊತ್ತು ಮಾಡಿಕೊಳ್ಳುವುದು? ನಮ್ಮ ಯಜಮಾನರಿಗೆ ಮಂಡಿ ನೋವು ಬೇರೆ.

ಟ್ರೂಬ್ಲೂ_ಹುಡುಗ

ಆಂಟಿ, ನಾನು ಇಲ್ಲಿ ಸೇಂಟ್ ಜಾರ್ಜಸ್ ಯೂನಿವರ್ಸಿಟಿಯಲ್ಲಿ ಮೆಡಿಕಲ್ ಓದುತ್ತಿದ್ದೇನೆ. ಊರಿಂದ ಯಾರ ಅಪ್ಪ ಅಮ್ಮ ಬಂದರೂ ನಾವು ಗೈಡ್‌ಗೆ ಇಷ್ಟು ಕೇಳುತ್ತೇವೆ: ವ್ಯಾನ್‌ನಲ್ಲಿ ಎಷ್ಟು ಜನ? ಊಟ ಎಲ್ಲಿ, ಯಾರು ಮಾಡುತ್ತಾರೆ? ಯಾವ ತೋಟದಲ್ಲಿ ಎಷ್ಟು ಹೊತ್ತು? ಊಟದ ಪ್ರಶ್ನೆಗೆ ಮನೆ ಅಥವಾ ಎಸ್ಟೇಟ್ ಹೆಸರು ಹೇಳಿದರೆ ಒಳ್ಳೆಯ ಸೂಚನೆ. "ಅಲ್ಲಿ ಹೋಗಿ ನೋಡೋಣ" ಅಂದರೆ ಬೇರೆಯವರನ್ನು ಹುಡುಕಿ.

ಮಂಡಿ ನೋವಿಗೆ ಈ ದಾರಿ ಏನೂ ತೊಂದರೆಯಿಲ್ಲ. ಜಲಪಾತ ನೋಡಬೇಕು ಅಂದರೆ ಅನ್ನಾಂಡೇಲ್ ಸಾಕು, ವ್ಯಾನ್ ನಿಲ್ಲಿಸಿದಲ್ಲಿಂದ ಸ್ವಲ್ಪವೇ ನಡಿಗೆ. ಸೆವೆನ್ ಸಿಸ್ಟರ್ಸ್ ಬೇಡ, ಕೆಸರಲ್ಲಿ ಇಳಿಯಬೇಕು.

ಇಲ್ಲಿ ದುಡ್ಡು ಈಸ್ಟ್ ಕೆರಿಬಿಯನ್ ಡಾಲರ್. ಒಂದು ಅಮೆರಿಕನ್ ಡಾಲರ್‌ಗೆ 2.70 ಅಂತ ಗಟ್ಟಿ ದರ. ಬೆಲೆ ಮಾತಾಡುವಾಗ ಯಾವ ಡಾಲರ್ ಅಂತ ಕೇಳಿಬಿಡಿ. ಸೈನ್ಯದ ಬಟ್ಟೆ ಥರದ ಹಸಿರು ಮಚ್ಚೆಯ ಶರ್ಟ್, ಪ್ಯಾಂಟ್, ಟೋಪಿ ತರಬೇಡಿ, ಇಲ್ಲಿ ಸಾಮಾನ್ಯ ಜನ ಅದನ್ನು ಹಾಕುವಂತಿಲ್ಲ.

ಹಕ್ಕಿಜಾಡು

ಒಂದು ವಿಷಯಕ್ಕೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಗ್ರ್ಯಾಂಡ್ ಎಟಾಂಗ್‌ನಲ್ಲಿ ಕೆಲವು ಗೈಡ್‌ಗಳು ಬಾಳೆಹಣ್ಣು ತೋರಿಸಿ ಮೋನಾ ಕೋತಿಯನ್ನು ಪ್ರವಾಸಿಗಳ ಹೆಗಲಿಗೆ ಹತ್ತಿಸುತ್ತಾರೆ. ಫೋಟೋ ಚೆನ್ನಾಗಿ ಬರುತ್ತದೆ. ಆದರೆ ಕಚ್ಚಿದರೆ ನಿಮಗೆ ಕಷ್ಟ, ರಸ್ತೆಗೆ ಇಳಿಯುವುದನ್ನು ಕಲಿತರೆ ಕೋತಿಗೂ ಕಷ್ಟ. ನಮ್ಮ ಘಾಟಿಗಳಲ್ಲಿ ಇದನ್ನು ನೋಡಿಲ್ವಾ? "ತಿನ್ನಿಸುವುದು ಬೇಡ" ಅಂತ ಮೊದಲೇ ಹೇಳಿ. ಬದಲಿಗೆ ಕೆರೆಯ ಪಕ್ಕ ಸುಮ್ನೆ ಹತ್ತು ನಿಮಿಷ ನಿಲ್ಲಿ. ತಲೆಯ ಮೇಲೆ ಪುಟ್ಟ ಜುಟ್ಟಿರುವ ಹಮ್ಮಿಂಗ್‌ಬರ್ಡ್ ಹೂವಿಗೆ ಬರುತ್ತದೆ.

ಈ ದೇಶದ ರಾಷ್ಟ್ರೀಯ ಹಕ್ಕಿ ಗ್ರೆನಡಾ ಡವ್. ಒಂದು ಜಾತಿಯ ಪಾರಿವಾಳ. ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ, ಅಳಿವಿನ ಅಂಚಿನಲ್ಲಿದೆ. ಅದು ಇರುವುದು ಮಳೆಕಾಡಿನಲ್ಲಲ್ಲ, ಮೌಂಟ್ ಹಾರ್ಟ್‌ಮನ್ ಥರದ ಒಣ ಕುರುಚಲು ಕಾಡಿನಲ್ಲಿ. ಕಟ್ಟಡ ಕಟ್ಟಲು ಎಲ್ಲರಿಗೂ ಬೇಕಾಗುವುದು ಅಂಥ ಜಾಗವೇ. ಹಾಗಾಗಿ "ಹಸಿರು ಕಾಡು ಉಳಿಸಿದರೆ ಸಾಕು" ಅನ್ನುವ ಮಾತು ಇಲ್ಲಿ ನಡೆಯಲ್ಲ.

ಗುಡ್ಡದಹಾದಿ

ಬೇಸರ ಯಾಕೆ? ಸರಿಯಾಗಿ ಹೇಳಿದಿರಿ. ನಮ್ಮ ಗೈಡ್ ತಿನ್ನಿಸಲಿಲ್ಲ. ಕೋತಿ ದೂರದ ಕೊಂಬೆಯಲ್ಲೇ ಇತ್ತು, ಅಲ್ಲಿಂದಲೇ ನಮ್ಮನ್ನು ನೋಡಿತು.

ಶಿರಸಿ_ಸೀಮೆ

ಜಾಯಿಕಾಯಿ ಬಗ್ಗೆ ನನ್ನ ಪ್ರಶ್ನೆ. ನಮ್ಮಲ್ಲಿ ಕಾಯಿ ಒಡೆಯುವುದು ಜಡಿಮಳೆಯಲ್ಲೇ, ಜೂನ್ ಜುಲೈ. ಪತ್ರೆ, ಅಂದರೆ ಚಿಪ್ಪಿನ ಮೇಲಿರುವ ಕೆಂಪು ಜಾಲರಿ, ಒಣಗಿಸುವುದೇ ದೊಡ್ಡ ತಲೆನೋವು. ಸ್ವಲ್ಪ ತಡವಾದರೆ ಬೂಸಲು. ಅವರು ಪತ್ರೆ ಏನು ಮಾಡುತ್ತಾರೆ? ಮತ್ತೆ, ಒಂದು ಕಾಲದಲ್ಲಿ ಇಂಡೊನೇಷ್ಯಾ ಬಿಟ್ಟರೆ ಗ್ರೆನಡಾ ಅನ್ನುತ್ತಿದ್ದರು. ಈಗ ಮಾರುಕಟ್ಟೆಯಲ್ಲಿ ಅದರ ಹೆಸರೇ ಅಷ್ಟಾಗಿ ಕೇಳಲ್ಲ. ಏನಾಯಿತು?

ಗುಡ್ಡದಹಾದಿ

ಪತ್ರೆಯನ್ನು ಬಿಡಿಸಿ ಒಣಗಿಸಿ ತಿಂಗಳುಗಟ್ಟಲೆ ಮರದ ಪೆಟ್ಟಿಗೆಯಲ್ಲಿ ಇಡುತ್ತಾರೆ. ಕೆಂಪಗಿದ್ದದ್ದು ನಿಧಾನಕ್ಕೆ ತಿಳಿ ಹಳದಿಗೆ ತಿರುಗುತ್ತದೆ. ಆಮೇಲೆ ಕೈಯಲ್ಲೇ ದರ್ಜೆ ಮಾಡುತ್ತಾರೆ. ಮೇಲಿನ ಸಿಪ್ಪೆಯನ್ನೂ ಬಿಡಲ್ಲ, ಜಾಮ್ ಮತ್ತು ಸಿರಪ್ ಮಾಡುತ್ತಾರೆ. ಒಡೆದ ಚಿಪ್ಪನ್ನು ಹೂದೋಟದ ಕಾಲುದಾರಿಗೆ ಹಾಸುತ್ತಾರೆ.

ಏನಾಯಿತು ಅನ್ನುವುದಕ್ಕೆ ಉತ್ತರ ಒಂದೇ ಹೆಸರು: ಐವನ್ ಚಂಡಮಾರುತ. 2004ರ ಸೆಪ್ಟೆಂಬರ್ 7. ಈ ದ್ವೀಪಕ್ಕೆ ಜಾಯಿಕಾಯಿ ಬಂದದ್ದು 1843ರಲ್ಲಿ. ಐವನ್ ಚಂಡಮಾರುತಕ್ಕೆ ಮೊದಲು ಪ್ರಪಂಚಕ್ಕೆ ಬೇಕಾದ ಜಾಯಿಕಾಯಿಯಲ್ಲಿ ಸುಮಾರು ಐದನೇ ಒಂದು ಭಾಗ ಇಲ್ಲಿಂದ ಹೋಗುತ್ತಿತ್ತು. ಜಾಯಿಕಾಯಿ ಬೇರು ಆಳಕ್ಕೆ ಹೋಗಲ್ಲ, ನಿಮಗೇ ಗೊತ್ತು. ಹತ್ತರಲ್ಲಿ ಒಂಬತ್ತು ಮರ ಹೋದವು. ಮಾರನೇ ವರ್ಷ ಎಮಿಲಿ ಅನ್ನುವ ಇನ್ನೊಂದು ಬಂತು.

ಮತ್ತೆ ಯಾಕೆ ನೆಡಲಿಲ್ಲ ಅಂತ ಅಪ್ಪ ಕೇಳಿದರು. ಗೈಡ್ ಹೇಳಿದ್ದು ಸರಳ ಲೆಕ್ಕ. ಜಾಯಿಕಾಯಿ ಫಲ ಬಿಡಲು ಏಳೆಂಟು ವರ್ಷ, ಪೂರ್ತಿ ಫಲಕ್ಕೆ ಇನ್ನೂ ಅಷ್ಟೇ ಬೇಕು. ಬೀಜದಿಂದ ಎಬ್ಬಿಸಿದರೆ ಹೂ ಬಿಡುವ ತನಕ ಗಂಡೋ ಹೆಣ್ಣೋ ತಿಳಿಯಲ್ಲ. ಕೋಕೋ ಮೂರು ನಾಲ್ಕು ವರ್ಷಕ್ಕೇ ಕೈಗೆ ಬರುತ್ತದೆ. ಮನೆ ಮಾಡು ಹಾರಿಹೋದವನು ಯಾವುದನ್ನು ನೆಡುತ್ತಾನೆ ಹೇಳಿ? ಗೊಯಾವ್ ಕೇಂದ್ರದಲ್ಲಿ ಈಗ ಎಷ್ಟೋ ತಟ್ಟೆ ಖಾಲಿ ಇವೆ. 2024ರ ಜುಲೈ 1ಕ್ಕೆ ಬೆರಿಲ್ ಚಂಡಮಾರುತ ಬಂತು. ಪಕ್ಕದ ಕ್ಯಾರಿಯಾಕೂ ದ್ವೀಪ ನೆಲಸಮ ಆದ ಹಾಗೇ ಆಯಿತು, ಗ್ರೆನಡಾದ ಉತ್ತರ ಭಾಗದ ತೋಟಗಳಿಗೂ ಪೆಟ್ಟು ಬಿತ್ತು.

ಅದಕ್ಕೇ ಬೀಚ್ ಬಿಟ್ಟು ಈ ಕಡೆ ಬನ್ನಿ ಅಂತ ನಾನು ಹಟ ಮಾಡುವುದು. ಹಡಗಿನಿಂದ ಇಳಿದವರ ದುಡ್ಡು ಬಂದರಿನ ಸುತ್ತಲೇ ತಿರುಗುತ್ತದೆ. ಸೇಂಟ್ ಪ್ಯಾಟ್ರಿಕ್‌ನಲ್ಲಿ ಒಂದು ಊಟ, ಗೊಯಾವ್‌ನಲ್ಲಿ ಅರ್ಧ ಪೌಂಡ್ ಪತ್ರೆ ಕೊಂಡರೆ ಮರ ಉಳಿಸಿಕೊಂಡವನ ಕೈಗೆ ಅದು ಸೇರುತ್ತದೆ.

ಅಡುಗೆಮನೆ_ಉಡುಪಿ

ಜೀಗುಜ್ಜೆ ಕೇಳಿ ಬಾಯಲ್ಲಿ ನೀರು ಬಂತು. ಆಯಿಲ್ ಡೌನ್ ಮಾಡುವ ಕ್ರಮ ಹೇಳಿ. ಕೆಸುವಿನ ಎಲೆಗೆ ಹುಳಿ ಹಾಕದಿದ್ದರೆ ಬಾಯಿ ತುರಿಸಲ್ವಾ?

ಟ್ರೂಬ್ಲೂ_ಹುಡುಗ

ನಾನು ರೂಮಿನಲ್ಲಿ ಮಾಡುತ್ತಿರುತ್ತೇನೆ, ಹೇಳುತ್ತೇನೆ. ಪಾತ್ರೆಗೆ ಜೋಡಿಸುವುದೇ ಇಲ್ಲಿ ದೊಡ್ಡ ವಿಷಯ. ತಳಕ್ಕೆ ದೊಡ್ಡ ದೊಡ್ಡ ಜೀಗುಜ್ಜೆ ಹೋಳು. ಅದರ ಮೇಲೆ ಬಾಳೆಕಾಯಿ, ಕ್ಯಾರೆಟ್. ಈರುಳ್ಳಿ, ಬೆಳ್ಳುಳ್ಳಿ, ಥೈಮ್ ಸೊಪ್ಪು, ಖಾರವಿಲ್ಲದ ಪರಿಮಳದ ಸಣ್ಣ ಮೆಣಸು. ಮೈದಾ ಹಿಟ್ಟನ್ನು ಅಂಗೈಯಲ್ಲಿ ಉದ್ದಕ್ಕೆ ಹೊಸೆದ ಡಂಪ್ಲಿಂಗ್. ಎಲ್ಲದರ ಮೇಲೆ ಕೆಸುವಿನ ಎಲೆ ಮುಚ್ಚಿ, ತೆಂಗಿನ ಹಾಲಿಗೆ ಅರಿಶಿನ ಕಲಸಿ ಸುರಿಯುವುದು. ಮುಚ್ಚಳ ಹಾಕಿ ಸಣ್ಣ ಉರಿ. ಸೌಟು ಹಾಕಿ ಕಲಕಬಾರದು. ಹಾಲೆಲ್ಲ ಇಂಗಿ ತಳದಲ್ಲಿ ತೆಂಗಿನೆಣ್ಣೆ ಬಿಟ್ಟರೆ ಆಯಿತು. ಎಲೆ ಅಷ್ಟು ಹೊತ್ತು ತೆಂಗಿನ ಹಾಲಿನಲ್ಲಿ ಬೇಯುವುದರಿಂದ ತುರಿಸಿದ್ದಿಲ್ಲ. ಆದರೆ ಪೂರ್ತಿ ಬೇಯಬೇಕು.

ಇಲ್ಲಿಯವರು ಇದನ್ನು ಒಬ್ಬರೇ ಮಾಡಿ ತಿನ್ನಲ್ಲ. ಹಿತ್ತಲಲ್ಲೋ ಸಮುದ್ರದ ದಡದಲ್ಲೋ ಮೂರು ಕಲ್ಲು ಹೂಡಿ, ಒಬ್ಬರು ಜೀಗುಜ್ಜೆ ತಂದರೆ ಇನ್ನೊಬ್ಬರು ತೆಂಗಿನಕಾಯಿ ತರುತ್ತಾರೆ. ಬೆಳಿಗ್ಗೆ ಕೋಕೋ ಟೀ ಕುಡಿದು ನೋಡಿ. ಕೋಕೋ ಅರೆದು ದಾಲ್ಚಿನ್ನಿ, ಜಾಯಿಕಾಯಿ ಸೇರಿಸಿ ಕಟ್ಟಿದ ಉಂಡೆ ಸಿಗುತ್ತದೆ. ತುರಿದು ಹಾಲಲ್ಲಿ ಕುದಿಸುವುದು. ಮೇಲೆ ಕೋಕೋ ಬೆಣ್ಣೆಯ ಜಿಡ್ಡು ತೇಲುತ್ತದೆ.

ಹಳೇದಾಖಲೆ

ಅಡುಗೆಯ ಜೊತೆ ಇತಿಹಾಸವನ್ನೂ ಹೇಳಬೇಕು. ಜೀಗುಜ್ಜೆ ಕೆರಿಬಿಯನ್‌ನದ್ದಲ್ಲ. ಬ್ರಿಟಿಷ್ ನೌಕಾಪಡೆಯ ಕ್ಯಾಪ್ಟನ್ ಬ್ಲೈ ಪೆಸಿಫಿಕ್ ದ್ವೀಪಗಳಿಂದ 1793ರಲ್ಲಿ ಇಲ್ಲಿಗೆ ಹತ್ತಿರದ ಸೇಂಟ್ ವಿನ್ಸೆಂಟ್ ದ್ವೀಪಕ್ಕೆ ಸಸಿ ತಂದ. ಕಬ್ಬಿನ ತೋಟದ ಗುಲಾಮರಿಗೆ ಕಡಿಮೆ ಖರ್ಚಿನಲ್ಲಿ ಹೊಟ್ಟೆ ತುಂಬಿಸುವುದೇ ಉದ್ದೇಶ. ಉಪ್ಪುಮೀನು, ಉಪ್ಪುಮಾಂಸ ಕೂಡ ಅವರಿಗೆ ಅಳೆದು ಕೊಡುತ್ತಿದ್ದ ಪಡಿ. ಆ ಪಡಿಯಿಂದಲೇ ಒಂದು ದೇಶ ತನ್ನ ಹಬ್ಬದ ಅಡುಗೆ ಕಟ್ಟಿಕೊಂಡಿದೆ.

ಗುಲಾಮಗಿರಿ 1834ರಲ್ಲಿ ರದ್ದಾದ ಮೇಲೆ ತೋಟಗಳಿಗೆ ಆಳು ಬೇಕಾಯಿತು. 1857ರ ಮೇ 1ರಂದು ಮೇಡ್‌ಸ್ಟೋನ್ ಅನ್ನುವ ಹಡಗು ಸೇಂಟ್ ಪ್ಯಾಟ್ರಿಕ್‌ನ ಇರ್ವಿನ್ಸ್ ಬೇಗೆ ಭಾರತದಿಂದ ಕೂಲಿಕರಾರಿನ ಜನರನ್ನು ತಂದಿತು. ನಂತರದ ದಶಕಗಳಲ್ಲಿ ಒಟ್ಟು ಮೂರು ಸಾವಿರಕ್ಕೂ ಹೆಚ್ಚು ಮಂದಿ ಬಂದರು. ಬೆಲ್ಮಾಂಟ್ ಎಸ್ಟೇಟನ್ನು 1944ರಲ್ಲಿ ಕೊಂಡ ನಾರ್ಬರ್ಟ್ ಮತ್ತು ಲಿರಿಸ್ ನ್ಯಾಕ್ ದಂಪತಿ ಇದೇ ಭಾರತೀಯ ಮೂಲದವರು. ಕೂಲಿಗೆ ಬಂದವರ ವಂಶದವರು ಎಸ್ಟೇಟಿನ ಒಡೆಯರಾದರು. ಅಲ್ಲಿಗೆ ಹೋದಾಗ ಗೈಡ್‌ಗೆ ಇದನ್ನು ಕೇಳಿ.

ಉತ್ತರ ತುದಿಯ ಸೊತೇರ್ ಊರಿನಲ್ಲಿ ಲೀಪರ್ಸ್ ಹಿಲ್ ಇದೆ. 1651ರಲ್ಲಿ ಫ್ರೆಂಚರ ಕೈಗೆ ಸಿಕ್ಕಬಾರದು ಅಂತ ಮೂಲನಿವಾಸಿ ಕ್ಯಾರಿಬ್ ಜನ ಆ ಬಂಡೆಯಿಂದ ಸಮುದ್ರಕ್ಕೆ ಹಾರಿದರು. ಸೆಲ್ಫಿ ತೆಗೆಯುವ ಜಾಗ ಅಲ್ಲ ಅದು.

ನ್ಯೂಜೆರ್ಸಿ_ಅತ್ತೆ

ಇಷ್ಟೆಲ್ಲ ಒಂದೇ ದಿನ ಆಗುತ್ತದಾ? ನಮ್ಮ ಹಡಗು ಬುಧವಾರ ಎಂಟಕ್ಕೆ ಬಂದು ಐದಕ್ಕೆ ಹೊರಡುತ್ತದೆ. ರಮ್ ಕಾರ್ಖಾನೆ ಒಂದಿದೆ ಅಂತಲೂ ಓದಿದೆ. ಯಜಮಾನರಿಗೆ ಹಳೆಯ ಯಂತ್ರ ಅಂದರೆ ಪ್ರಾಣ.

ಗುಡ್ಡದಹಾದಿ

ಬುಧವಾರ ಆದದ್ದು ಒಳ್ಳೆಯದಾಯಿತು. ಶನಿವಾರ ಬೆಲ್ಮಾಂಟ್ ಮುಚ್ಚಿರುತ್ತದೆ, ಭಾನುವಾರ ಬಂದರೆ ಗೊಯಾವ್ ಸಿಗಲ್ಲ.

ರಮ್ ಕಾರ್ಖಾನೆ ರಿವರ್ ಆಂಟ್ವಾನ್, ಬೆಲ್ಮಾಂಟ್‌ಗೆ ಹತ್ತಿರ. 1785ರಿಂದ ನಡೆಯುತ್ತಿದೆ. ಹೊಳೆ ನೀರಿನಲ್ಲಿ ತಿರುಗುವ ದೊಡ್ಡ ಚಕ್ರ ಇವತ್ತಿಗೂ ಕಬ್ಬು ಅರೆಯುತ್ತದೆ. ರಸ ಕಾಯಿಸುವುದು ಒಣ ಕಬ್ಬಿನ ಸಿಪ್ಪೆ ಉರಿಸಿ. ಕುಡಿಯದವರೂ ಆ ಚಕ್ರ ನೋಡಲು ಹೋಗಬಹುದು. ನಮ್ಮ ಅಪ್ಪ ನೋಡಿ ಬಂದರು, ಅಮ್ಮ ವ್ಯಾನ್‌ನಲ್ಲೇ ಕೂತಿದ್ದರು. ಅಲ್ಲಿನ ರಮ್ 75 ಪ್ರತಿಶತ ಮದ್ಯ. ವಿಮಾನದಲ್ಲಿ ಬಿಡಲ್ಲ ಅಂತ 69ರದ್ದೂ ಮಾಡುತ್ತಾರೆ.

ನಿಮಗೆ ನಾನು ಹೇಳುವುದು ಹೀಗೆ. ಬಂದರಿನಿಂದ ನೇರ ಗ್ರ್ಯಾಂಡ್ ಎಟಾಂಗ್, ಅಲ್ಲಿ ಅರ್ಧ ಗಂಟೆ. ಆಮೇಲೆ ಬೆಲ್ಮಾಂಟ್, ಊಟವೂ ಅಲ್ಲೇ. ಸಸ್ಯಾಹಾರ ಅಂತ ಹಿಂದಿನ ದಿನವೇ ಹೇಳಿಸಿ. ಮನೆ ಹಿತ್ತಲಿನ ಊಟಕ್ಕೆ ನಿಮಗೆ ಹೊತ್ತು ಸಾಲಲ್ಲ. ರಿವರ್ ಆಂಟ್ವಾನ್ ಯಜಮಾನರಿಗಾಗಿ ಇರಲಿ, ಸೊತೇರ್ ಬಿಡಿ. ಎರಡೂವರೆ ಒಳಗೆ ಗೊಯಾವ್ ತಲುಪಿ. ನಾಲ್ಕಕ್ಕೆ ಬಂದರಿಗೆ ವಾಪಸ್ ಇರಬೇಕು ಅಂತ ಗೈಡ್‌ಗೆ ಬೆಳಿಗ್ಗೆಯೇ ಹೇಳಿಬಿಡಿ. ದಾರಿಯಲ್ಲಿ ಮಳೆಗೆ ಮಣ್ಣು ಕುಸಿದರೆ ಬೇರೆ ರಸ್ತೆ ಸುತ್ತಬೇಕಾಗುತ್ತದೆ.

ಒಣಗಿದ ಪತ್ರೆ, ಕೋಕೋ ಉಂಡೆ, ಚಾಕೊಲೇಟ್ ಕೊಳ್ಳಿ. ಹಸಿ ಕಾಯಿ, ನೆಡುವ ಬೀಜ ಮಾತ್ರ ಬೇಡ. ಅಪ್ಪ ಜೇಬಿಗೆ ಎರಡು ಜಾಯಿಕಾಯಿ ಹಾಕಿಕೊಂಡಿದ್ದರು, ವಾಪಸ್ ಇಡಿಸಿದೆ. ಒಂದು ಬೀಜದ ಜೊತೆ ಯಾವ ರೋಗ ನಮ್ಮ ತೋಟಕ್ಕೆ ಬರುತ್ತದೋ ಯಾರಿಗೆ ಗೊತ್ತು.

ಶಿರಸಿ_ಸೀಮೆ

ಅದನ್ನು ಹೇಳಿದ್ದು ಒಳ್ಳೆಯದಾಯಿತು. ಆ ಪತ್ರೆ ಪೆಟ್ಟಿಗೆಯ ಅಳತೆ, ಒಳಗೆ ಏನಾದರೂ ಹಾಸುತ್ತಾರಾ ಅನ್ನುವುದು ಗೊತ್ತಾದರೆ ತಿಳಿಸಿ. ಈ ಮಳೆಗಾಲಕ್ಕೆ ಒಂದು ಮಾಡಿಸಿ ನೋಡಬೇಕು ಅಂತಿದ್ದೇನೆ.

ಗುಡ್ಡದಹಾದಿ

ಮುಂದಿನ ವಾರ ಗೊಯಾವ್ ಕಡೆ ಹೋಗುವುದಿದೆ. ಅಳತೆ ತೆಗೆದುಕೊಂಡು, ಕೋಕೋ ಹಳಿ ತಟ್ಟೆಯ ಫೋಟೋ ಜೊತೆ ಇಲ್ಲೇ ಹಾಕುತ್ತೇನೆ.